ಶಿರಾ ಸೀಮೆಯ ಕನ್ನಡವೂ ಸ್ಪ್ಯಾನಿಷ್ ಭಾಷಾಸಾಹಿತ್ಯಗಳ ವ್ಯಾಸಂಗವೂ

೧

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಚರಿತ್ರೆಯನ್ನು ಬರೆಯಲು ತೊಡಗುವವರಿಗೆ ಮೊದಲು ಒದಗುವ ಆಧಾರಗಳು ಶಾಸನಗಳು, ಕೈಫಿಯತ್ತುಗಳು ಮತ್ತು ಕಂದಾಯದ ಕಡತಗಳು. ೧೯೦೪ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು ಈ ಮಾರ್ಗದಲ್ಲಿ ಇಂದಿಗೂ ಕೈದೀಪದಂತಿದೆ. ಆದರೆ ಈ ಸೀಮೆಯ ಚರಿತ್ರೆಗೆ ಸಂಬಂಧಿಸಿದ ಇನ್ನೊಂದು ಬಗೆಯ ಸಾಮಗ್ರಿ ಉಂಟು. ಅದು ಐಬೀರಿಯ ದ್ವೀಪಕಲ್ಪದ ಭಾಷೆಗಳಲ್ಲಿರುವುದರಿಂದ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ.

೧೫೬೫ರ ಯುದ್ಧದ ತರುವಾಯ ವಿಜಯನಗರದ ಅರವೀಡು ಅರಸರು ಪೆನುಕೊಂಡೆಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡುದು ವಿದಿತವೇ ಆಗಿದೆ. ಪೆನುಕೊಂಡೆಯು ಪಾವಗಡ, ಮಧುಗಿರಿಗಳಿಗೆ ನೆರೆಯ ಸೀಮೆ. ಆ ಅರಸುಮನೆತನದ ಚರಿತ್ರೆಯನ್ನು ವಿಸ್ತಾರವಾಗಿ ಬರೆದ ವಿದ್ವಾಂಸರು ಸ್ಪೇನ್ ದೇಶದವರು. ೧೮೮೮ರಲ್ಲಿ ಬಾರ್ಸೆಲೋನದಲ್ಲಿ ಹುಟ್ಟಿ, ೧೯೨೨ರಲ್ಲಿ ಮುಂಬಯಿಗೆ ಬಂದು, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಚರಿತ್ರೆಯ ಪ್ರಾಧ್ಯಾಪಕರಾಗಿ, ೧೯೫೫ರಲ್ಲಿ ಇಲ್ಲಿಯೇ ತೀರಿಕೊಂಡ ಹೆನ್ರಿ ಹೆರಾಸ್ ಪಾದ್ರಿಗಳು ಅವರು. ೧೯೨೭ರಲ್ಲಿ ಪ್ರಕಟವಾದ ಅವರ ಅರವೀಡು ವಂಶದ ಚರಿತ್ರೆಯಲ್ಲಿ ನಮ್ಮ ಶಾಸನಗಳ ಪಕ್ಕದಲ್ಲಿ ಜೆಸ್ವಿಟರ ಪತ್ರಗಳೂ ಗೋವೆಯ ದಫ್ತರದ ಕಾಗದಗಳೂ ಸಾಕ್ಷಿಗಳಾಗಿ ನಿಂತಿವೆ. ೧೫೮೦ರಿಂದ ೧೬೪೦ರವರೆಗೆ ಪೋರ್ಚುಗಲ್ ಮತ್ತು ಸ್ಪೇನ್ ಎರಡೂ ಒಬ್ಬನೇ ದೊರೆಯ ಆಳಿಕೆಯಲ್ಲಿದ್ದುದರಿಂದ, ವೆಂಕಟಪತಿರಾಯನ ಕಾಲದಲ್ಲಿ ಗೋವೆಯ ವ್ಯವಹಾರವೆಂದರೆ ಸ್ಪೇನಿನ ಮೂರನೆಯ ಫಿಲಿಪ್ ದೊರೆಯೊಡನೆಯೇ ನಡೆದ ವ್ಯವಹಾರವೂ ಆಗಿದ್ದಿತು.

ಹೀಗಿರಲು, ಸ್ಪ್ಯಾನಿಷ್ ಭಾಷೆಯನ್ನು ಕಲಿಯುವುದು ನಮ್ಮ ಗ್ರಾಮಾಂತರದ ಕಾಲೇಜುಗಳ ವಿದ್ಯಾರ್ಥಿಗೆ ಕೇವಲ ವಿಲಾಸವೆಂದಾಗಲಿ, ಪಟ್ಟಣಿಗರ ಹವ್ಯಾಸವೆಂದಾಗಲಿ ಭಾವಿಸುವುದು ಸರಿಯಲ್ಲ. ಸ್ಪ್ಯಾನಿಷನ್ನು ಬಲ್ಲವನು ಅದರ ಸೋದರಿಯಾದ ಪೋರ್ಚುಗೀಸನ್ನು ಸ್ವಲ್ಪ ಶ್ರಮದಿಂದಲೇ ಓದಬಲ್ಲನು. ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್ ಎಂಬವರು ವಿಜಯನಗರವನ್ನು ಕುರಿತು ಬರೆದ ವೃತ್ತಾಂತಗಳನ್ನು ೧೯೦೦ರಲ್ಲಿ ಸೆವೆಲ್ ಅವರು ಮಾಡಿದ ಇಂಗ್ಲಿಷ್ ಅನುವಾದವನ್ನು ಬಿಟ್ಟು ಮೂಲದಲ್ಲಿಯೇ ನೋಡುವ ದಾರಿ ಅವನಿಗೆ ತೆರೆಯುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಹೇಳಬಯಸುವುದು ಎರಡು ಮಾತು. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗೆ ಸ್ಪ್ಯಾನಿಷನ್ನು ಕಲಿಯಲು ಅವನ ಮನೆಯ ಕನ್ನಡವೂ ಊರಿನ ಚರಿತ್ರೆಯೂ ಸಹಾಯಕವಾಗಿವೆ ಎಂಬುದು ಮೊದಲನೆಯದು. ಆ ವ್ಯಾಸಂಗವು ಅವನ ಊರಿನ ಚರಿತ್ರೆಯನ್ನು ನೋಡುವ ಬಗೆಯನ್ನೇ ತಿದ್ದಬಲ್ಲದು ಎಂಬುದು ಎರಡನೆಯದು.

೨

ಶಿರಾ ಪಟ್ಟಣವನ್ನು ರತ್ನಗಿರಿಯ ನಾಯಕ ರಂಗಪ್ಪನಾಯಕನು ಸ್ಥಾಪಿಸಿದನೆಂದು ಪ್ರತೀತಿ. ೧೬೩೮ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಅದನ್ನು ಗೆದ್ದನು. ೧೬೮೭ರಲ್ಲಿ ಮೊಗಲರ ಸೇನೆ ದಕ್ಷಿಣಕ್ಕಿಳಿದಾಗ ತುಂಗಭದ್ರೆಯ ತೆಂಕಣ ಪ್ರಾಂತಕ್ಕೆ ಶಿರಾ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಈ ಸುಭೆಗೆ ಸೇರಿದ್ದುವು. ಖಾಸಿಂಖಾನನು ಇದರ ಮೊದಲ ಅಧಿಕಾರಿ. ೧೭೫೭ರಲ್ಲಿ ಮರಾಠರು ಹಿಡಿಯುವವರೆಗೆ, ಎಂದರೆ ಎಪ್ಪತ್ತು ವರ್ಷಗಳ ಕಾಲ, ಪಾರಸಿಯಲ್ಲಿ ಬರೆಯುವ ಕಚೇರಿಯೊಂದು ಈ ಒಣಭೂಮಿಯ ನಡುವೆ ನಿಂತಿದ್ದಿತು. ದಿಲಾವರಖಾನನು ಅಲ್ಲಿ ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುವರು. ಮಲಿಕ್ ರಿಹಾನನ ಗೋರಿಯೂ ಕಲ್ಲಿನ ಜುಮ್ಮಾ ಮಸೀದಿಯೂ ಇಂದಿಗೂ ಉಳಿದಿವೆ. ೧೭೬೧ರಲ್ಲಿ ಬಸಾಲತ್ ಜಂಗನಿಂದ ಶಿರಾದ ನವಾಬನೆಂಬ ಬಿರುದನ್ನು ಪಡೆದವನು ಹೈದರಾಲಿ.

ಸುತ್ತಣ ಸೀಮೆಗಳೂ ಈ ಬಗೆಯ ಕೈಬದಲಿಗಳನ್ನು ಕಂಡವು. ಮಧುಗಿರಿಯ ಏಕಶಿಲಾದುರ್ಗವನ್ನು ೧೬೭೮ರಲ್ಲಿ ಮೈಸೂರಿನವರು ಅಲ್ಲಿಯ ಗೌಡರಿಂದ ಪಡೆದರು. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರನು ೧೭೬೩ರಲ್ಲಿ ಸೆರೆಯಿಟ್ಟುದು ಇದೇ ಬೆಟ್ಟದ ಮೇಲೆ. ೧೭೬೭ರಲ್ಲಿ ಅವಳನ್ನು ಬಿಡಿಸಿದವರು ಮರಾಠರು. ಕೊರಟಗೆರೆಯು ರಣಭೈರೇಗೌಡನ ಮನೆತನದವರ ನೆಲೆ. ಪಾವಗಡವು ನಿಡುಗಲ್ಲಿನ ಚೋಳರ ಆಳಿಕೆಯನ್ನೂ ಅನಂತರ ಪಾಳೆಯಗಾರರನ್ನೂ ಕಂಡ ನೆಲ. ಅಲ್ಲಿಯ ಮನೆಮಾತುಗಳಲ್ಲಿ ತೆಲುಗಿನ ಪಾಲೂ ದೊಡ್ಡದು. ಹೀಗೆ ಕನ್ನಡ, ತೆಲುಗು, ಮರಾಠಿ, ದಖನಿ, ಪಾರಸಿ ಇವೆಲ್ಲ ಸೇರಿ ಬೆಳೆದ ಸೀಮೆಯಿದು.

ಇಲ್ಲಿಯ ರೈತನು ದಿನವೂ ಆಡುವ ಮಾತನ್ನು ನೋಡೋಣ. ರೈತ ಎಂಬ ಶಬ್ದವೇ ಅರಬ್ಬಿಯಿಂದ ಬಂದುದು. ಜಿಲ್ಲೆ, ತಾಲ್ಲೂಕು, ಹಕ್ಕು, ಬಾಕಿ, ವಸೂಲಿ, ತಕರಾರು, ವಕೀಲ, ಹಾಜರು, ಇನಾಮು ಇವೂ ಹಾಗೆಯೇ. ಇವೆಲ್ಲವೂ ಶಿರಾದ ಸುಭೆಯಿಂದಲೇ ಬಂದುವೆಂದು ನಾವು ಹೇಳುವುದಿಲ್ಲ. ಬಹಮನಿ ಮತ್ತು ಬಿಜಾಪುರದ ಕಚೇರಿಗಳು, ಶಹಜಿಯ ಕಾಲದ ಮರಾಠಿ ಲೆಕ್ಕಪತ್ರಗಳು, ಹೈದರ್ ಟಿಪ್ಪುಗಳ ಆಡಳಿತ, ಕೊನೆಗೆ ಇಂಗ್ಲಿಷರ ರೆವಿನ್ಯೂ ಪದ್ಧತಿ ಇವೆಲ್ಲವೂ ಆ ಶಬ್ದಗಳನ್ನು ಹೊತ್ತುತಂದಿವೆ. ಆದರೆ ಸುಭೆಯ ರಾಜಧಾನಿಯಾಗಿದ್ದ ಊರಿನ ಸುತ್ತ ಅವು ಬೇರುಬಿಡಲು ಅವಕಾಶ ಹೆಚ್ಚಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

೩

ಇನ್ನು ಸ್ಪೇನಿನ ಕಡೆಗೆ ತಿರುಗೋಣ. ೭೧೧ರಲ್ಲಿ ಉತ್ತರ ಆಫ್ರಿಕದಿಂದ ಜಲಸಂಧಿಯನ್ನು ದಾಟಿ ಬಂದ ಮುಸಲ್ಮಾನ ಸೇನೆ ಕೆಲವೇ ವರ್ಷಗಳಲ್ಲಿ ಆ ದ್ವೀಪಕಲ್ಪದ ಬಹುಭಾಗವನ್ನು ವಶಪಡಿಸಿಕೊಂಡಿತು. ಕಾರ್ದೊಬ ನಗರದಲ್ಲಿ ೯೨೯ರಿಂದ ೧೦೩೧ರವರೆಗೆ ಖಲೀಫರು ಆಳಿದರು. ಉತ್ತರದ ಕ್ರೈಸ್ತರಾಜ್ಯಗಳು ಮೆಲ್ಲಮೆಲ್ಲನೆ ಕೆಳಗಿಳಿದು ೧೦೮೫ರಲ್ಲಿ ತೊಲೇದೊವನ್ನೂ, ೧೨೩೬ರಲ್ಲಿ ಕಾರ್ದೊಬವನ್ನೂ, ೧೨೪೮ರಲ್ಲಿ ಸೆವಿಲ್ಯವನ್ನೂ, ೧೪೯೨ರಲ್ಲಿ ಗ್ರನಾದವನ್ನೂ ಹಿಡಿದುವು. ಈ ಎಂಟು ಶತಮಾನಗಳಲ್ಲಿ ಲ್ಯಾಟಿನಿನಿಂದ ಹುಟ್ಟಿದ ಜನಭಾಷೆಯೂ ಅರಬ್ಬಿಯೂ ಒಂದೇ ಬೀದಿಯಲ್ಲಿ ಓಡಾಡಿದುವು. ಇಂದಿನ ಸ್ಪ್ಯಾನಿಷಿನಲ್ಲಿ ಅರಬ್ಬಿ ಮೂಲದ ಶಬ್ದಗಳನ್ನು, ಅವುಗಳಿಂದಾದ ಸಾಧಿತ ಶಬ್ದಗಳನ್ನೂ ಕೂಡಿಸಿ, ಸುಮಾರು ನಾಲ್ಕು ಸಾವಿರವೆಂದು ಎಣಿಸುವ ವಾಡಿಕೆಯಿದೆ.

ಶಿರಾದ ಕಚೇರಿಯ ಶಬ್ದಗಳನ್ನು ಬಲ್ಲವನಿಗೆ ಇವುಗಳಲ್ಲಿ ಹಲವು ಪರಿಚಿತ ಮುಖಗಳು. ನಮ್ಮಲ್ಲಿಯ ಖಾಜಿಯು ಅಲ್ಲಿ ‘ಅಲ್ಕಾಲ್ದೆ’ ಎಂದಾಗಿ ಪುರಾಧ್ಯಕ್ಷನಾಗಿದ್ದಾನೆ. ನಮ್ಮ ವಜೀರನು ‘ಅಲ್ಗುವಾಸಿಲ್’ ಎಂದಾಗಿ ನ್ಯಾಯಾಲಯದ ಜವಾನನ ಮಟ್ಟಕ್ಕೆ ಇಳಿದಿದ್ದಾನೆ. ನಮ್ಮ ದಿವಾನನ ಹೆಸರಿನೊಳಗಿನ ಶಬ್ದವೇ ‘ಅದುವಾನಾ’ ಎಂಬ ಸುಂಕದ ಕಟ್ಟೆ. ನಮ್ಮ ಖಜಾನೆಯ ಧಾತುವಿನಿಂದಲೇ ಉಗ್ರಾಣವೆಂಬ ಅರ್ಥದ ‘ಅಲ್ಮಸೇನ್’ ಹುಟ್ಟಿದೆ. ಹೆಸರು ಹೇಳಲು ಇಷ್ಟವಿಲ್ಲದ ಯಾರೋ ಒಬ್ಬನನ್ನು ನಮ್ಮ ಕಡೆ ಫಲಾನಾ ಎನ್ನುವಂತೆ ಸ್ಪೇನಿನವರು ‘ಫುಲಾನೊ’ ಎನ್ನುತ್ತಾರೆ. ಭಾರತದಿಂದಲೇ ಹೊರಟು ಪಾರಸಿ ಅರಬ್ಬಿಗಳ ಮೂಲಕ ಅಲ್ಲಿಗೆ ಸೇರಿದ ಶಬ್ದಗಳೂ ಉಂಟು: ಸಂಸ್ಕೃತದ ಶರ್ಕರಾ ಇಲ್ಲಿ ಪ್ರಾಕೃತದ ಹಾದಿಯಿಂದ ಸಕ್ಕರೆಯಾಗಿ, ಅಲ್ಲಿ ‘ಅಸೂಕರ್’ ಆಗಿದೆ, ಚತುರಂಗವು ಇಲ್ಲಿ ಚದುರಂಗವಾಗಿ, ಅಲ್ಲಿ ‘ಅಹೆದ್ರೆಸ್’ ಆಗಿದೆ, ನಾರಂಗವು ‘ನರಾಂಹಾ’ ಆಗಿದೆ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾದ ಒಂದು ಅಂಶವನ್ನು ಗಮನಿಸಬೇಕು. ಅರಬ್ಬಿಯಲ್ಲಿ ನಾಮಪದದ ಹಿಂದೆ ‘ಅಲ್’ ಎಂಬ ನಿರ್ದೇಶಕವು ಬರುತ್ತದೆ. ಸ್ಪ್ಯಾನಿಷ್ ಶಬ್ದಗಳಲ್ಲಿ ಬಹುಪಾಲು ಈ ನಿರ್ದೇಶಕವನ್ನು ತಮ್ಮ ಮೈಗೆ ಅಂಟಿಸಿಕೊಂಡೇ ಬಂದಿವೆ. ಕನ್ನಡದ ಶಬ್ದಗಳಲ್ಲಿ ಅದು ಇಲ್ಲ. ಕಾರಣ ಸ್ಪಷ್ಟವಾಗಿದೆ. ಸ್ಪೇನಿನ ಜನ ಅರಬ್ಬಿಯನ್ನು ಸಂತೆಯಲ್ಲಿ, ಹೊಲದಲ್ಲಿ, ಕಾಲುವೆಯ ದಡದಲ್ಲಿ ಕಿವಿಯಿಂದ ಕೇಳಿ ಎತ್ತಿಕೊಂಡರು. ನಿರ್ದೇಶಕವೆಲ್ಲಿ ಮುಗಿದು ನಾಮಪದವೆಲ್ಲಿ ಮೊದಲಾಗುವುದೆಂಬುದು ಅವರಿಗೆ ತಿಳಿಯದು. ನಮಗಾದರೊ ಅರಬ್ಬಿ ಶಬ್ದಗಳು ಬಂದುದು ಪಾರಸಿ ಮತ್ತು ದಖನಿಗಳ ಮೂಲಕ. ಪಾರಸಿಯವರು ಆ ನಿರ್ದೇಶಕವನ್ನು ಮೊದಲೇ ಕಳಚಿದ್ದರು. ಒಂದು ಚಿಕ್ಕ ಪ್ರತ್ಯಯವು ಎರಡು ದೇಶಗಳ ಸಂಪರ್ಕದ ಬಗೆಯನ್ನೇ ತೋರಿಸಿಕೊಡುತ್ತದೆ. ವ್ಯಾಕರಣವು ಚರಿತ್ರೆಗೆ ಆಧಾರಸಾಮಗ್ರಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎಚ್ಚರಿಕೆಯ ಮಾತೂ ಒಂದುಂಟು. ಹೋಲುವ ಶಬ್ದಗಳೆಲ್ಲ ಬಂಧುಗಳಲ್ಲ. ಸ್ಪ್ಯಾನಿಷಿನಲ್ಲಿ ಗೌರವಪೂರ್ವಕವಾಗಿ ತಾವು ಎನ್ನಲು ‘ಉಸ್ತೇದ್’ ಎಂಬ ಶಬ್ದವಿದೆ. ಇದನ್ನು ಕೇಳಿದೊಡನೆ ನಮ್ಮವರಿಗೆ ಉಸ್ತಾದ್ ಎಂಬುದು ನೆನಪಾಗುವುದು ಸಹಜ. ಆದರೆ ಅದು ತಮ್ಮ ಕೃಪೆ ಎಂಬರ್ಥದ ‘ವುಯೆಸ್ತ್ರಾ ಮೆರ್ಸೆದ್’ ಎಂಬ ಎರಡು ಶಬ್ದಗಳು ಸವೆದು ಆದ ರೂಪ. ಅದಕ್ಕಾಗಿಯೇ ಅದರೊಡನೆ ಬರುವ ಕ್ರಿಯಾಪದ ಇಂದಿಗೂ ಪ್ರಥಮಪುರುಷದಲ್ಲಿರುತ್ತದೆ. ಕನ್ನಡದಲ್ಲಿಯೂ ತಾನು, ತಾವು ಎಂಬವು ಮೂಲತಃ ಆತ್ಮಾರ್ಥಕವಾಗಿದ್ದು, ಗೌರವಕ್ಕಾಗಿ ಎದುರಿನವರಿಗೆ ಸಲ್ಲುವಂತಾದುವು. ಹೀಗೆ ಇಲ್ಲಿ ಶಬ್ದದ ಸಂಬಂಧವಿಲ್ಲದಿದ್ದರೂ ಮರ್ಯಾದೆಯ ರೀತಿಯಲ್ಲಿ ಸಾದೃಶ್ಯವಿದೆ.

೪

ವ್ಯಾಕರಣದ ಮೂಲಪರಿಕಲ್ಪನೆಗಳನ್ನು ಈಗ ಪರಿಶೀಲಿಸಬಹುದು. ಅಂತೋನಿಯೊ ದೆ ನೆಬ್ರಿಹ ಎಂಬ ಪಂಡಿತನು ೧೪೯೨ರಲ್ಲಿ ಕಸ್ತೀಲ್ಯದ ಭಾಷೆಗೆ ಬರೆದ ವ್ಯಾಕರಣವು ಯೂರೋಪಿನ ಜನಭಾಷೆಗಳಲ್ಲೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣವೆಂದು ಪ್ರಸಿದ್ಧವಾಗಿದೆ. ನಮ್ಮ ಎರಡನೆಯ ನಾಗವರ್ಮನು ಹನ್ನೆರಡನೆಯ ಶತಮಾನದಲ್ಲಿಯೂ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೂ ಕನ್ನಡಕ್ಕೆ ಲಕ್ಷಣವನ್ನು ಕಟ್ಟಿದ್ದರು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಕೇಶಿರಾಜನ ಪರಿಭಾಷೆ ನಮ್ಮ ಪ್ರೌಢಶಾಲೆಯ ಮಕ್ಕಳಿಗೂ ಗೊತ್ತಿದೆ; ಅದನ್ನೇ ಹಿಡಿದು ಸ್ಪ್ಯಾನಿಷನ್ನು ಕಲಿಸಬಹುದೆಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷಿನ ಮೂಲಕ ಕಲಿಯುವವನು ಸುತ್ತುದಾರಿಯನ್ನು ಹಿಡಿದಂತಾಗುತ್ತದೆ.

ಮೊದಲು ಶಬ್ದವರ್ಗಗಳು. ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯಗಳೆಂಬ ವಿಭಾಗವು ಸ್ಪ್ಯಾನಿಷಿಗೆ ಚೆನ್ನಾಗಿ ಹೊಂದುತ್ತದೆ. ಅದರ ಸಂಸ್ಕೃತವೆಂದರೆ ಲ್ಯಾಟಿನ್. ತುಂಬಿದ ಎಂಬರ್ಥದ ಲ್ಯಾಟಿನಿನ ‘ಪ್ಲೇನುಸ್’ ಜನರ ಬಾಯಲ್ಲಿ ‘ಯೇನೊ’ ಎಂದಾಯಿತು. ಪಂಡಿತರು ಅದನ್ನೇ ಪುನಃ ‘ಪ್ಲೇನೊ’ ಎಂದು ತಂದರು. ನಮ್ಮಲ್ಲಿ ಸಿರಿ ಮತ್ತು ಶ್ರೀ, ಹಕ್ಕಿ ಮತ್ತು ಪಕ್ಷಿ ಜೊತೆಯಾಗಿ ನಿಂತಿರುವಂತೆಯೇ ಇದು. ಅರಬ್ಬಿಯಿಂದ ಬಂದವು ಅನ್ಯದೇಶ್ಯಗಳು. ಎರಡು ಭಾಷೆಗಳೂ ನಾಮಪದಗಳೊಡನೆ ವ್ಯಾಕರಣದ ತುಣುಕುಗಳನ್ನೂ ಹೊರಗಿನಿಂದ ಪಡೆದಿವೆ. ವರೆಗೆ ಎಂಬರ್ಥದ ಸ್ಪ್ಯಾನಿಷಿನ ‘ಅಸ್ತ’ ಎಂಬುದು ಅರಬ್ಬಿಯದು. ಕನ್ನಡದ ಪಾಲುದಾರ, ಗುತ್ತಿಗೆದಾರ ಎಂಬಲ್ಲಿಯ ‘ದಾರ’ ಪಾರಸಿಯ ಪ್ರತ್ಯಯ; ವಗೈರೆ ಎಂಬ ಅವ್ಯಯ ಅರಬ್ಬಿಯದು.

ಎರಡನೆಯದಾಗಿ ಧ್ವನಿ. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಆ ಹಕಾರವೂ ಬಿದ್ದು ‘ಆಲು’ ಎಂದು ಕೇಳಿಬರುತ್ತದೆ. ಸ್ಪ್ಯಾನಿಷಿನಲ್ಲಿ ಲ್ಯಾಟಿನಿನ ಫಕಾರವು ಇದೇ ಹಾದಿಯಲ್ಲಿ ನಡೆದಿದೆ. ಮಗನೆಂಬ ಅರ್ಥದ ‘ಫೀಲಿಯುಸ್’ ಎಂಬುದು ಹಳೆಯ ಭಾಷೆಯಲ್ಲಿ ಫಕಾರದಿಂದಲೂ ಮುಂದೆ ಹಕಾರದಿಂದಲೂ ಉಚ್ಚರಿತವಾಗಿ, ಈಗ ಬರೆಹದಲ್ಲಿ ಮಾತ್ರ ಹಕಾರವನ್ನುಳಿಸಿಕೊಂಡು ‘ಈಹೊ’ ಎಂದು ನುಡಿಯಲ್ಪಡುತ್ತದೆ. ಸ್ಪ್ಯಾನಿಷಿನ ತಕಾರ ದಕಾರಗಳು ನಮ್ಮವುಗಳಂತೆ ದಂತ್ಯಗಳು. ಅದರಲ್ಲಿ ಎರಡು ರೇಫಗಳುಂಟು: ಮೃದುವಾದ ರೇಫದಿಂದ ‘ಪೆರೊ’ ಎಂದರೆ ಆದರೆ ಎಂದೂ, ಒತ್ತಿದ ರೇಫದಿಂದ ‘ಪೆಱ್ಱೊ’ ಎಂದರೆ ನಾಯಿ ಎಂದೂ ಅರ್ಥ. ರಕಾರದೊಡನೆ ಶಕಟರೇಫವನ್ನೂ ಹಳಗನ್ನಡದ ಪಾಠದಲ್ಲಿ ಕಂಡ ವಿದ್ಯಾರ್ಥಿಗೆ ಇದು ಅಪೂರ್ವವೆನಿಸದು.

ಮೂರನೆಯದಾಗಿ ವಾಕ್ಯರಚನೆ. ಇಂಗ್ಲಿಷಿನವರನ್ನು ಬಹಳವಾಗಿ ಕಾಡುವ ಪ್ರಕರಣವೆಂದರೆ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಅಸ್ತಿವಾಚಕ ಧಾತುಗಳ ಭೇದ. ಕನ್ನಡದಲ್ಲಿ ನಾವು ‘ಅವನು ಉಪಾಧ್ಯಾಯ’ ಎನ್ನುತ್ತೇವೆ. ಅಲ್ಲಿ ಕ್ರಿಯಾಪದವೇ ಬೇಡ. ‘ಅವನು ಮನೆಯಲ್ಲಿದ್ದಾನೆ’ ಎನ್ನುವಾಗ ಇರು ಧಾತು ಬೇಕು. ಸ್ಥೂಲವಾಗಿ ಹೇಳುವುದಾದರೆ, ನಾವು ಕ್ರಿಯಾಪದವಿಲ್ಲದೆ ಹೇಳುವ ಕಡೆ ಅವರು ಸೆರ್ ಧಾತುವನ್ನೂ, ಇರು ಎಂದು ಹೇಳುವ ಕಡೆ ಎಸ್ತಾರ್ ಧಾತುವನ್ನೂ ಬಳಸುತ್ತಾರೆ. ಇದು ಎಲ್ಲೆಡೆಯಲ್ಲಿಯೂ ಸಲ್ಲದು. ಹಬ್ಬವು ಮನೆಯಲ್ಲಿದೆ ಎಂದು ಹೇಳಬೇಕಾದರೆ ಅವರು ಸೆರ್ ಧಾತುವನ್ನೇ ಬಳಸುವರು. ಆದರೂ ಮೊದಲ ಮೆಟ್ಟಿಲಿಗೆ ಈ ಸೂತ್ರ ಸಾಕು.

‘ನನಗೆ ಪುಸ್ತಕ ಇಷ್ಟ’ ಎಂಬ ನಮ್ಮ ವಾಕ್ಯದಲ್ಲಿ ಇಷ್ಟಪಡುವವನು ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ‘ಮೆ ಗುಸ್ತಾ ಎಲ್ ಲಿಬ್ರೊ’ ಎಂಬ ಸ್ಪ್ಯಾನಿಷ್ ವಾಕ್ಯವೂ ಇದೇ ಅಚ್ಚಿನದು. ಇಂಗ್ಲಿಷಿನಂತೆ ನಾನು ಎಂಬುದು ಕರ್ತೃವಾಗುವುದಿಲ್ಲ. ಇನ್ನು ದ್ವಿತೀಯಾ ವಿಭಕ್ತಿ. ನಾವು ‘ಮನೆ ನೋಡಿದೆ’ ಎಂದು ಪ್ರತ್ಯಯವಿಲ್ಲದೆಯೂ ಹೇಳಬಹುದು. ಆದರೆ ‘ರಾಮನನ್ನು ನೋಡಿದೆ’ ಎಂದೇ ಹೇಳಬೇಕು. ಸ್ಪ್ಯಾನಿಷಿನಲ್ಲಿಯೂ ಕರ್ಮವು ಗೊತ್ತಾದ ಮನುಷ್ಯನಾದರೆ ಅದರ ಹಿಂದೆ ‘ಆ’ ಎಂಬ ಅವ್ಯಯ ಬರಬೇಕು, ವಸ್ತುವಾದರೆ ಬೇಡ. ಕ್ರಿಯಾಪದವು ಪುರುಷವಚನಗಳನ್ನು ತಾನೇ ತಿಳಿಸುವುದರಿಂದ ಕರ್ತೃಪದವನ್ನು ಬಿಡುವುದೂ ಎರಡು ಭಾಷೆಗಳಿಗೆ ಸಮಾನ.

ವ್ಯತ್ಯಾಸಗಳನ್ನೂ ಮರೆಮಾಚಲಾಗದು. ನಮ್ಮ ಲಿಂಗವಿವಕ್ಷೆ ಅರ್ಥವನ್ನು ಅನುಸರಿಸಿದುದು. ಮೇಜು, ಪುಸ್ತಕ, ಮನೆ ಎಲ್ಲವೂ ನಪುಂಸಕ. ಸ್ಪ್ಯಾನಿಷಿನಲ್ಲಿ ಪುಸ್ತಕ ಪುಲ್ಲಿಂಗ, ಮನೆ ಸ್ತ್ರೀಲಿಂಗ. ವಿಶೇಷಣವೂ ಅದಕ್ಕೆ ತಕ್ಕಂತೆ ಮಾರ್ಪಟ್ಟು, ಕೆಂಪು ಪುಸ್ತಕವೆನ್ನುವಾಗ ‘ರೋಹೊ’ ಎಂದೂ ಕೆಂಪು ಮನೆಯೆನ್ನುವಾಗ ‘ರೋಹಾ’ ಎಂದೂ ಆಗಬೇಕು. ಹೆಂಡತಿಯೆಂಬ ಅರ್ಥದ ದಾರಶಬ್ದವು ಪುಲ್ಲಿಂಗವೆಂದೂ ಕಳತ್ರಶಬ್ದವು ನಪುಂಸಕವೆಂದೂ ಸಂಸ್ಕೃತದಲ್ಲಿ ಓದಿದವರಿಗೆ ಇದರ ಮರ್ಮ ತಿಳಿಯುತ್ತದೆ. ನಮ್ಮಲ್ಲಿ ಪ್ರತ್ಯಯಗಳು ಶಬ್ದದ ಮುಂದೆ ಬಂದರೆ ಅವರಲ್ಲಿ ಅವ್ಯಯಗಳು ಹಿಂದೆ ನಿಲ್ಲುತ್ತವೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬಂದರೆ ಅವರದು ನಡುವೆ ಬರುತ್ತದೆ. ಸಂಶಯ, ಇಚ್ಛೆ, ಆಶಯಗಳನ್ನು ಹೇಳುವ ಅವರ ಕ್ರಿಯಾರೂಪಗಳ ವಿಸ್ತಾರವೂ ಹೆಚ್ಚು. ಬಂದಾನು, ಬರಲಿ ಎಂಬ ನಮ್ಮ ಸಂಭಾವನಾರ್ಥಕ, ವಿಧ್ಯರ್ಥಕಗಳಿಂದ ಅದರ ಒಂದು ಅಂಶ ಮಾತ್ರ ಗೋಚರವಾಗುತ್ತದೆ.

೫

ಸಾಹಿತ್ಯದ ವಿಷಯಕ್ಕೆ ಬರೋಣ. ಕನ್ನಡಕ್ಕೂ ಸ್ಪ್ಯಾನಿಷಿಗೂ ಸಮಾನವಾದ ಒಂದು ಕೃತಿಪರಂಪರೆ ಪಂಚತಂತ್ರದ್ದು. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನು ಸುಮಾರು ೧೦೩೧ರಲ್ಲಿ ವಸುಭಾಗಭಟ್ಟನ ಪಾಠವನ್ನನುಸರಿಸಿ ಅದನ್ನು ಕನ್ನಡಿಸಿದನು. ಅದೇ ಕಥೆಗಳು ಆರನೆಯ ಶತಮಾನದಲ್ಲಿ ಪಹಲವಿಗೂ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನಿಂದ ಅರಬ್ಬಿಗೂ ಹೋಗಿ, ೧೨೫೧ರಲ್ಲಿ ಕಲೀಲ ಮತ್ತು ದಿಮ್ನ ಎಂಬ ಹೆಸರಿನಿಂದ ಕಸ್ತೀಲ್ಯದ ಭಾಷೆಗೆ ಬಂದುವು. ಆಗ ಯುವರಾಜನಾಗಿದ್ದ ಅಲ್ಫೊನ್ಸೊ ಮರುವರ್ಷವೇ ಪಟ್ಟವೇರಿ ೧೨೮೪ರವರೆಗೆ ಆಳಿದನು. ಅವನ ಆಶ್ರಯದಲ್ಲಿ ನಡೆದ ಅನುವಾದಗಳಿಂದಲೇ ಸ್ಪ್ಯಾನಿಷ್ ಗದ್ಯ ನೆಲೆಗೊಂಡಿತು. ಅವನು ೧೨೮೩ರಲ್ಲಿ ಮಾಡಿಸಿದ ಆಟಗಳ ಗ್ರಂಥದಲ್ಲಿ ಚದುರಂಗಕ್ಕೆ ಮೊದಲ ಸ್ಥಾನ. ಅವನು ನಮ್ಮ ಕೇಶಿರಾಜನ ಸಮಕಾಲೀನನೆಂಬುದನ್ನು ನೆನೆದರೆ ಎರಡು ಸಾಹಿತ್ಯಗಳ ಕಾಲಮಾನ ಮನಸ್ಸಿನಲ್ಲಿ ನಿಲ್ಲುತ್ತದೆ.

ಸ್ಪ್ಯಾನಿಷ್ ಸಾಹಿತ್ಯದ ಶಿಖರವೆಂದರೆ ಸೆರ್ವಾಂತೆಸನ ಡಾನ್ ಕಿಹೋತೆ. ಇದರ ಮೊದಲ ಭಾಗ ೧೬೦೫ರಲ್ಲಿಯೂ ಎರಡನೆಯದು ೧೬೧೫ರಲ್ಲಿಯೂ ಹೊರಬಂದುವು. ೧೫೭೫ರಿಂದ ೧೫೮೦ರವರೆಗೆ ಅಲ್ಜೀರ್ಸಿನಲ್ಲಿ ಸೆರೆಯಲ್ಲಿದ್ದ ಸೆರ್ವಾಂತೆಸನಿಗೆ ಮುಸಲ್ಮಾನ ಜಗತ್ತಿನ ಪರಿಚಯ ನೇರವಾದುದು. ತನ್ನ ಕಥೆಯ ಮೂಲಕರ್ತೃ ಸೀದೆ ಹಾಮೇತೆ ಬೆನೆಂಹೇಲಿ ಎಂಬ ಅರಬ್ಬಿ ಚರಿತ್ರೆಕಾರನೆಂದು ಅವನು ಕಲ್ಪಿಸುತ್ತಾನೆ. ತೊಲೇದೊದ ಪೇಟೆಯಲ್ಲಿ ಹಳೆಯ ಕಾಗದಗಳನ್ನು ಮಾರುತ್ತಿದ್ದ ಹುಡುಗನಿಂದ ಹಸ್ತಪ್ರತಿಯನ್ನು ಕೊಂಡು, ಮೊರಿಸ್ಕೊ ಒಬ್ಬನಿಗೆ ಒಣದ್ರಾಕ್ಷಿಯನ್ನೂ ಗೋದಿಯನ್ನೂ ಕೂಲಿಯಾಗಿ ಕೊಟ್ಟು ಅನುವಾದ ಮಾಡಿಸಿದುದಾಗಿ ಹೇಳುತ್ತಾನೆ. ಆ ಕೂಲಿಯನ್ನು ಅಳೆದ ‘ಅರ್ರೋಬ’, ‘ಫನೇಗ’ ಎಂಬ ಮಾನಗಳ ಹೆಸರುಗಳೂ ಅರಬ್ಬಿಯವೇ. ಎರಡನೆಯ ಭಾಗದ ಅರುವತ್ತೇಳನೆಯ ಅಧ್ಯಾಯದಲ್ಲಿ ಡಾನ್ ಕಿಹೋತೆ ತನ್ನ ಸೇವಕ ಸಾಂಚೊನಿಗೆ ‘ಅಲ್’ ಎಂದು ಮೊದಲಾಗುವ ಶಬ್ದಗಳು ಅರಬ್ಬಿಯವೆಂದು ವ್ಯಾಕರಣದ ಪಾಠವನ್ನೇ ಹೇಳುತ್ತಾನೆ. ಅವನು ಕೊಡುವ ಉದಾಹರಣೆಗಳಲ್ಲಿ ಊಟಮಾಡು ಎಂಬರ್ಥದ ‘ಅಲ್ಮೊರ್ಸಾರ್’ ವಾಸ್ತವವಾಗಿ ಲ್ಯಾಟಿನ್ ಮೂಲದ್ದು. ಹೋಲಿಕೆಯನ್ನೇ ಸಂಬಂಧವೆಂದು ಭಾವಿಸಬಾರದೆಂದು ಮೇಲೆ ಹೇಳಿದ ಎಚ್ಚರಿಕೆಗೆ ಇದೂ ಒಂದು ದೃಷ್ಟಾಂತ.

ಇಂಗ್ಲಿಷ್ ಅನುವಾದದಲ್ಲಿ ಈ ಕೃತಿಯನ್ನು ಓದುವವರು ಕಳೆದುಕೊಳ್ಳುವುದೇನೆಂಬುದನ್ನು ಎರಡು ಅಂಶಗಳಿಂದ ತೋರಿಸಬಹುದು. ಸಾಂಚೊ ತನ್ನ ಒಡೆಯನನ್ನು ‘ವುಯೆಸ್ತ್ರಾ ಮೆರ್ಸೆದ್’ ಎಂದು ಕರೆಯುತ್ತಾನೆ. ಒಡೆಯನು ಅವನಿಗೆ ಸಾಮಾನ್ಯವಾಗಿ ‘ತೂ’ ಎಂದೂ, ಸಿಟ್ಟು ಬಂದಾಗ ‘ವೊಸ್’ ಎಂದೂ ನುಡಿಯುತ್ತಾನೆ. ಇಂಗ್ಲಿಷಿನಲ್ಲಿ ಇವೆಲ್ಲವೂ ಸಾಮಾನ್ಯವಾಗಿ ಒಂದೇ ಸರ್ವನಾಮದೊಳಗೆ ಅಡಗುತ್ತವೆ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳನ್ನುಳ್ಳ ಕನ್ನಡಕ್ಕೆ ಈ ಭೇದವನ್ನು ಹಿಡಿಯುವ ಶಕ್ತಿಯುಂಟು. ಇಂಗ್ಲಿಷಿನಿಂದ ಅನುವಾದಿಸುವವನಿಗೆ ಅದು ಕಾಣುವುದಿಲ್ಲ. ಹಾಗೆಯೇ, ವೀರಕಥೆಗಳ ಮರುಳು ಹಿಡಿದ ಡಾನ್ ಕಿಹೋತೆ ಸುಂದರಿ, ಮಾಡು ಮೊದಲಾದ ಶಬ್ದಗಳನ್ನು ಬಳಕೆ ತಪ್ಪಿದ ಫಕಾರದಿಂದ ಉಚ್ಚರಿಸುತ್ತಾನೆ. ಇಂದಿನ ಒಬ್ಬನು ಬೀದಿಯಲ್ಲಿ ನಿಂತು ಹಾಲನ್ನು ಪಾಲೆಂದೂ ಹೂವನ್ನು ಪೂವೆಂದೂ ಕೇಳಿದರೆ ಹೇಗೋ ಹಾಗೆ. ಹಳಗನ್ನಡವನ್ನು ಓದಿದ ನಮ್ಮ ವಿದ್ಯಾರ್ಥಿಯು ಈ ಹಾಸ್ಯವನ್ನು ಇಂಗ್ಲಿಷಿನ ವಿದ್ಯಾರ್ಥಿಗಿಂತ ಬೇಗನೆ ಗ್ರಹಿಸಬಲ್ಲನು. ಲೋರ್ಕಾ, ನೆರೂದಾ, ಬೋರ್ಹೆಸ್, ಮಾರ್ಕೆಸ್ ಮೊದಲಾದವರು ಕನ್ನಡಕ್ಕೆ ಬಂದಿರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ. ಆ ಅನುವಾದಕರ ಸೇವೆಯನ್ನು ಗೌರವಿಸುತ್ತಲೇ ನಾವು ನೇರವಾದ ದಾರಿಯ ಅಗತ್ಯವನ್ನು ಹೇಳಬೇಕಾಗಿದೆ.

೬

ಈ ವ್ಯಾಸಂಗದಿಂದ ನಮ್ಮ ಸೀಮೆಯ ಚರಿತ್ರೆಗೆ ದೊರೆಯುವ ಪಾಠವೇನು? ೧೬೦೯ರಿಂದ ೧೬೧೪ರವರೆಗೆ ಸ್ಪೇನಿನ ಮೂರನೆಯ ಫಿಲಿಪ್ ದೊರೆಯು ಮೊರಿಸ್ಕೊಗಳನ್ನು, ಎಂದರೆ ಕ್ರೈಸ್ತರಾಗಿ ಮತಾಂತರಗೊಂಡಿದ್ದ ಮುಸಲ್ಮಾನರ ಸಂತತಿಯವರನ್ನು, ದೇಶದಿಂದ ಹೊರಡಿಸಿದನು. ಸುಮಾರು ಮೂರು ಲಕ್ಷ ಜನ ಹಡಗು ಹತ್ತಿದರು. ವೆಂಕಟಪತಿರಾಯನೊಡನೆ ವ್ಯವಹರಿಸಿದ ದೊರೆ ಇವನೇ. ಡಾನ್ ಕಿಹೋತೆಯ ಎರಡನೆಯ ಭಾಗದಲ್ಲಿ ರಿಕೋತೆ ಎಂಬ ಅಂಗಡಿಕಾರ ಮೊರಿಸ್ಕೊ, ಹೊರಡಿಸಲ್ಪಟ್ಟವನು, ವೇಷಮರೆಸಿಕೊಂಡು ಮರಳಿ ಬರುತ್ತಾನೆ. ಅವನ ಹಳೆಯ ನೆರೆಯವನಾದ ಸಾಂಚೊ ಅವನನ್ನು ಗುರುತಿಸಿ, ಜೊತೆಯಲ್ಲಿ ಕುಳಿತು ಉಣ್ಣುತ್ತಾನೆ. ಅವನೊಡನೆ ಹೋಗಲು ಒಪ್ಪುವುದಿಲ್ಲ, ಅವನನ್ನು ಹಿಡಿದುಕೊಡುವುದೂ ಇಲ್ಲ. ರಾಜಾಜ್ಞೆಯ ಬಿಸಿ ಆರುವ ಮೊದಲೇ ಬರೆದ ಈ ಅಧ್ಯಾಯವು ಚರಿತ್ರೆಯ ವಿದ್ಯಾರ್ಥಿಗಳು ಅವಶ್ಯವಾಗಿ ಓದಬೇಕಾದುದು.

ಜನರನ್ನು ಹೊರಡಿಸಿದ ದೊರೆಗೆ ಭಾಷೆಯನ್ನು ಹೊರಡಿಸಲಾಗಲಿಲ್ಲ. ಅವನ ಆಜ್ಞೆಯನ್ನು ಊರೂರಿನಲ್ಲಿ ನಡೆಸಬೇಕಾದ ಅಧಿಕಾರಿಗಳು ಅಲ್ಕಾಲ್ದೆಗಳು, ಅಲ್ಗುವಾಸಿಲರು. ದೇವರು ಇಚ್ಛಿಸಿದರೆ ಎಂಬ ಅರಬ್ಬಿ ನುಡಿಯಿಂದ ಹುಟ್ಟಿದ ‘ಓಹಲಾ’ ಎಂಬ ಆಶಯವಾಚಕವನ್ನು ಸ್ಪೇನಿನ ಜನ ಇಂದಿಗೂ ನಿತ್ಯವೂ ಆಡುತ್ತಾರೆ. ನಮ್ಮ ಸೀಮೆಯಲ್ಲಿಯೂ ಜನರನ್ನು ಕಿತ್ತು ನೆಟ್ಟ ಪ್ರಸಂಗವೊಂದುಂಟು: ಶ್ರೀರಂಗಪಟ್ಟಣದ ಷಹರ್ ಗಂಜಾಮನ್ನು ತುಂಬಲು ಟಿಪ್ಪುವು ಶಿರಾದಿಂದ ಅನೇಕ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನು. ಇದರ ಉದ್ದೇಶ ಮತದ್ದಲ್ಲ, ನೂತನ ಪೇಟೆಯನ್ನು ಬೆಳೆಸುವುದು. ಆದಕಾರಣ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಆ ಕುಟುಂಬಗಳು ಹೋದ ಮೇಲೆಯೂ ಶಿರಾದ ಮಾತಿನಲ್ಲಿ ಸುಭೆಯ ಕಾಲದ ಶಬ್ದಗಳು ಉಳಿದುವೆಂಬುದು ಸಮಾನವಾದ ಅಂಶ.

ನಮ್ಮ ಕಡೆಯ ಕನ್ನಡ ಕೆಟ್ಟದು, ಬೆರಕೆಯದು, ಸಾಹಿತ್ಯಕ್ಕೆ ಸಲ್ಲದು ಎಂಬ ಮಾತನ್ನು ವಿದ್ಯಾರ್ಥಿಗಳು ಸಂಕೋಚದಿಂದ ಹೇಳುವುದನ್ನು ನಾವು ಕೇಳಿದ್ದೇವೆ. ಹಕ್ಕು, ಬಾಕಿ, ತಕರಾರುಗಳನ್ನು ಬಿಟ್ಟು ಪರ್ಯಾಯ ಸಂಸ್ಕೃತಶಬ್ದಗಳನ್ನು ಹುಡುಕುವುದೇ ಶುದ್ಧಿಯೆಂದು ಕೆಲವರ ಎಣಿಕೆ. ಅಷ್ಟೊಂದು ಅರಬ್ಬಿ ಶಬ್ದಗಳುಳ್ಳ ಭಾಷೆಯಲ್ಲಿಯೇ ಡಾನ್ ಕಿಹೋತೆ ಹುಟ್ಟಿತೆಂಬುದನ್ನು ಬಲ್ಲವನಿಗೆ ಈ ಸಂಕೋಚ ಉಳಿಯಲಾರದು. ಅನ್ಯದೇಶ್ಯವು ಕಳಂಕವಲ್ಲ, ಅದು ಶಾಸನದಂತೆಯೇ ಒಂದು ದಾಖಲೆ. ಕಲ್ಲಿನ ಶಾಸನವನ್ನು ಒಡೆಯುವುದು ಹೇಗೆ ತಪ್ಪೋ ಇದನ್ನು ಅಳಿಸುವುದೂ ಹಾಗೆಯೇ ತಪ್ಪು.

೭

ಇನ್ನೊಂದು ಲಾಭವನ್ನೂ ಹೇಳಬೇಕು. ಸ್ಪೇನಿನಲ್ಲಿ ಬಾಯಿಂದ ಬಾಯಿಗೆ ಬಂದ ಕಥನಗೀತಗಳ ಪರಂಪರೆ ಕಸ್ತೀಲ್ಯದಲ್ಲಿ ಅಳಿದುಹೋಗಿದೆಯೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ನಂಬಿದ್ದರು. ೧೯೦೦ರಲ್ಲಿ ರಾಮೊನ್ ಮೆನೆಂದೆಸ್ ಪಿದಾಲ್ ಮತ್ತು ಅವರ ಪತ್ನಿ ಮರೀಯಾ ಗೋಯ್ರಿ ಪ್ರಯಾಣದಲ್ಲಿದ್ದಾಗ ಬಟ್ಟೆ ಒಗೆಯುವ ಹೆಂಗಸೊಬ್ಬಳು ಹಾಡಿದ ಹಾಡಿನಲ್ಲಿ ಹಳೆಯ ಕಥನಗೀತವೊಂದನ್ನು ಗುರುತಿಸಿದರು. ಅಲ್ಲಿಂದ ಮೊದಲಾದ ಸಂಗ್ರಹಕಾರ್ಯವು ಆ ಸಾಹಿತ್ಯದ ಚರಿತ್ರೆಯನ್ನೇ ಬದಲಿಸಿತು. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಗಣೆಯನ್ನೂದುತ್ತ ಹಾಡುವ ಪರಂಪರೆಯುಂಟು. ದನಕರುಗಳ ಕಾವಲಿನ ಈ ವೀರನ ಕಾವ್ಯವನ್ನು ಸ್ಪೇನಿನ ಕಥನಗೀತಗಳ ಪಾಠಾಂತರಗಳನ್ನು ಪರಿಷ್ಕರಿಸಿದ ಕ್ರಮದಿಂದ, ಹಟ್ಟಿಯಿಂದ ಹಟ್ಟಿಗೆ ಹೋಲಿಸಿ ನೋಡುವ ಕೆಲಸ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಯೋಗ್ಯವಾದುದು.

ಕಲಿಯುವ ಅನುಕೂಲ ದೂರದಲ್ಲಿದೆಯೆಂಬ ಆಕ್ಷೇಪಣೆಯೂ ಪೂರ್ಣವಾಗಿ ನಿಲ್ಲದು. ಪಾವಗಡಕ್ಕೆ ನೆರೆಯಾದ ಅನಂತಪುರದಲ್ಲಿ, ೧೯೨೦ರಲ್ಲಿ ಬಾರ್ಸೆಲೋನದಲ್ಲಿ ಹುಟ್ಟಿದ ವಿಸೆಂತೆ ಫೆರೆರ್ ಅವರು ೧೯೬೯ರಲ್ಲಿ ಬಂದು ನೆಲಸಿ ಗ್ರಾಮಾಭಿವೃದ್ಧಿಯ ಸಂಸ್ಥೆಯನ್ನು ಕಟ್ಟಿದರು. ೨೦೦೯ರಲ್ಲಿ ಅಲ್ಲಿಯೇ ನಿಧನರಾದರು. ಆ ಸಂಸ್ಥೆಯು ಗ್ರಾಮಾಂತರದ ಪದವೀಧರರಿಗೆ ಸ್ಪ್ಯಾನಿಷ್ ಮೊದಲಾದ ಭಾಷೆಗಳನ್ನು ಕಲಿಸಲು ಶಾಲೆಯನ್ನೂ ತೆರೆಯಿತು. ಮಳೆ ಕಡಿಮೆಯಾದ ಆ ಸೀಮೆಯ ರೈತರ ಮಕ್ಕಳು ಕಲಿತುದನ್ನು ನಮ್ಮ ಸೀಮೆಯ ರೈತರ ಮಕ್ಕಳು ಕಲಿಯಲಾರರೆಂದು ಹೇಳಲು ಕಾರಣವಿಲ್ಲ.

ಆದುದರಿಂದ ನಮ್ಮ ಕಾಲೇಜುಗಳ ಚರಿತ್ರೆ ಮತ್ತು ಕನ್ನಡ ವಿಭಾಗಗಳು ಸೇರಿ ಮೂರು ಕೆಲಸಗಳನ್ನು ಆರಂಭಿಸಬಹುದೆಂದು ನಮಗೆ ತೋರುತ್ತದೆ. ಒಂದು, ಈ ನಾಲ್ಕು ತಾಲ್ಲೂಕುಗಳ ಕಂದಾಯಪತ್ರಗಳಲ್ಲಿಯೂ ಆಡುಮಾತಿನಲ್ಲಿಯೂ ಇರುವ ಅರಬ್ಬಿ ಪಾರಸಿ ಶಬ್ದಗಳನ್ನು ಊರು, ಕಾಲ, ಅರ್ಥಗಳೊಡನೆ ಪಟ್ಟಿಮಾಡುವುದು. ಎರಡು, ಕೇಶಿರಾಜನ ಪರಿಭಾಷೆಯನ್ನೇ ಅನುಸರಿಸಿ ಸ್ಪ್ಯಾನಿಷ್ ವ್ಯಾಕರಣದ ಮೂಲಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವುದು. ಮೂರು, ಅರವೀಡು ಕಾಲದ ಐಬೀರಿಯದ ಕಾಗದಗಳಲ್ಲಿ ಪೆನುಕೊಂಡೆಯ ಸುತ್ತಣ ಸೀಮೆಗೆ ಸಂಬಂಧಿಸಿದವನ್ನು ಮೂಲದಿಂದ ಕನ್ನಡಕ್ಕೆ ತರುವುದು. ಬಾರ್ಸೆಲೋನದ ಪಾದ್ರಿಯೊಬ್ಬರು ನಮ್ಮ ಶಾಸನಗಳನ್ನು ಆಧರಿಸಿ ನಮ್ಮ ನೆರೆಯ ರಾಜಧಾನಿಯ ಚರಿತ್ರೆಯನ್ನು ಬರೆದರು. ಅವರ ದೇಶದ ಭಾಷೆಯನ್ನು ಕಲಿತು ಆ ಕಾಗದಗಳನ್ನು ನಾವೇ ಓದುವುದು ಆ ಕಾರ್ಯದ ಮುಂದಿನ ಹೆಜ್ಜೆ.